ಮೋಶೆಯ ಧರ್ಮಶಾಸ್ತ್ರ ನಮಗೂ ಕೊಟ್ಟದ್ದಾ?

ಕ್ರೈಸ್ತರು ಹಂದಿಮಾಂಸ ತಿನ್ನಬಹುದಾ? ವಿಶ್ರಾಂತಿಯ ದಿನವಾದ ಸಬ್ಬತ್ ಅಂದರೆ ಶನಿವಾರ ತಾನೇ, ಮತ್ತೆ ಭಾನುವಾರ ಆರಾಧನೆಗೆ ಸೇರುವುದು ಯಾಕೆ? ಐಗುಪ್ತದಿಂದ ಬಿಡುಗಡೆಯಾದದ್ದನ್ನು ನೆನೆಯುವ ಪಸ್ಕ ಹಬ್ಬವನ್ನು ಯೇಸು ಮಾಡಿದನಲ್ಲ, ನಾವ್ಯಾಕೆ ಮಾಡುವುದಿಲ್ಲ? ಬೈಬಲನ್ನು ಮೊದಲ ಪುಟದಿಂದ ಓದುತ್ತಾ ಬಂದವರಿಗೆ ಈ ಪ್ರಶ್ನೆಗಳು ಬಂದೇ ಬರುತ್ತವೆ. ಬರಲಿಲ್ಲ ಅಂದರೆ ಯಾಜಕಕಾಂಡವನ್ನು ಹಾರಿಸಿಕೊಂಡು ಓದಿದ್ದಾರೆ ಅಂತಲೇ ಅರ್ಥ.

ಸಿಗುವ ಉತ್ತರಗಳು ಸಾಮಾನ್ಯವಾಗಿ ಎರಡೇ. ಒಂದು, "ಅದೆಲ್ಲ ಹಳೇ ಒಡಂಬಡಿಕೆ, ಶಿಲುಬೆಯಲ್ಲಿ ಮುಗಿದುಹೋಯ್ತು, ತಲೆ ಕೆಡಿಸಿಕೊಳ್ಳಬೇಡಿ." ಇನ್ನೊಂದು, "ಯೇಸುವೇ ಪಾಲಿಸಿದ್ದನ್ನು ಬಿಡೋಕೆ ನೀವ್ಯಾರು?" ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಬಹುದು, ಅದಕ್ಕೇ ಎರಡೂ ಇಷ್ಟು ಓಡುತ್ತವೆ. ಮೊದಲನೆಯವರು ಬೈಬಲಿನ ಮುಕ್ಕಾಲು ಭಾಗವನ್ನು ಕಪಾಟಿಗೆ ಸೇರಿಸುತ್ತಾರೆ. ಎರಡನೆಯವರು ತಮಗೆ ಸಾಧ್ಯವೇ ಇಲ್ಲದ ಹೊರೆಯನ್ನು ಹೊತ್ತಿದ್ದೇವೆ ಅಂದುಕೊಂಡು ಅದರ ಒಂದು ಮೂಲೆಯನ್ನಷ್ಟೇ ಹಿಡಿದಿರುತ್ತಾರೆ.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಯೆಹೂದ್ಯರಲ್ಲದ ವಿಶ್ವಾಸಿ ಮೋಶೆಯ ಒಡಂಬಡಿಕೆಯ ಕೆಳಗೆ ಬರಬೇಕಾಗಿಲ್ಲ. ಇದನ್ನು ತೋರಿಸೋಕೆ ಎಲ್ಲರೂ ನೇರವಾಗಿ ಪೌಲನ ಪತ್ರಗಳಿಗೆ ಹೋಗುತ್ತಾರೆ, ಆಗ ಎದುರಿಗಿರುವವರು "ಪೌಲ ದೊಡ್ಡವನಾ, ಮೋಶೆ ದೊಡ್ಡವನಾ" ಅಂತ ಶುರು ಮಾಡುತ್ತಾರೆ, ಜಗಳ ಅಲ್ಲೇ ನಿಂತುಹೋಗುತ್ತದೆ. ನಾನು ಮೋಶೆಯ ಐದು ಪುಸ್ತಕಗಳಿಂದಲೇ, ಅಂದರೆ ಧರ್ಮಶಾಸ್ತ್ರದಿಂದಲೇ, ಶುರು ಮಾಡುತ್ತೇನೆ. ಈ ಮಾತನ್ನು ಮೊದಲು ಹೇಳಿದ್ದು ಅವೇ.

ಹತ್ತು ಆಜ್ಞೆಗಳು ಎಲ್ಲಿಂದ ಶುರುವಾಗುತ್ತವೆ ನೋಡಿ. "ಐಗುಪ್ತದಲ್ಲಿ ದಾಸರಾಗಿದ್ದ ನಿಮ್ಮನ್ನು ಹೊರಗೆ ತಂದ ದೇವರು ನಾನೇ" ಎಂಬ ಅರ್ಥದ ಮಾತು ಮೊದಲು ಬರುತ್ತದೆ, ಆಜ್ಞೆಗಳು ಆಮೇಲೆ. ಯಾರನ್ನು ಹೊರಗೆ ತಂದನೋ ಅವರ ಜೊತೆ ಮಾಡಿದ ಒಪ್ಪಂದ ಅದು. ಸಬ್ಬತ್ತಿನ ವಿಷಯದಲ್ಲಂತೂ ವಿಮೋಚನಕಾಂಡ 31ನೇ ಅಧ್ಯಾಯ ಇನ್ನೂ ಸ್ಪಷ್ಟ: ಅದು ದೇವರಿಗೂ ಇಸ್ರಾಯೇಲ್ಯರಿಗೂ ನಡುವೆ ಇರುವ ಗುರುತು. ಕೀರ್ತನೆ 147ರ ಕೊನೆಯಲ್ಲಿ ಕೀರ್ತನೆಗಾರ ಇದೇ ಕಾರಣಕ್ಕೆ ಹೆಮ್ಮೆಪಡುತ್ತಾನೆ: ದೇವರು ತನ್ನ ವಿಧಿಗಳನ್ನು ಇಸ್ರಾಯೇಲಿಗೆ ತಿಳಿಸಿದ್ದಾನೆ, ಬೇರೆ ಯಾವ ಜನಾಂಗಕ್ಕೂ ಹೀಗೆ ಮಾಡಿಲ್ಲ. ಸೃಷ್ಟಿಯ ಏಳನೇ ದಿನ ದೇವರು ವಿಶ್ರಮಿಸಿದನಲ್ಲ, ಹಾಗಾದರೆ ಸಬ್ಬತ್ ಎಲ್ಲರಿಗೂ ಸೇರಿದ್ದಲ್ವಾ ಅಂತ ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆಯೇ. ಆದರೆ ಆದಿಕಾಂಡದಲ್ಲಿ ನೋಹನಿಗಾಗಲಿ ಅಬ್ರಹಾಮನಿಗಾಗಲಿ ಸಬ್ಬತ್ ಆಚರಿಸು ಅಂತ ಒಂದು ಮಾತೂ ಬರುವುದಿಲ್ಲ. ಮನುಷ್ಯರಿಗೆ ಆ ಅಪ್ಪಣೆ ಮೊದಲು ಸಿಗುವುದು ವಿಮೋಚನಕಾಂಡ 16ರಲ್ಲಿ, ಮನ್ನ ಕೂಡಿಸುವಾಗ.

ಇದರಲ್ಲಿ ತಮಾಷೆ ಏನೆಂದರೆ, ಯೆಹೂದ್ಯ ಪಂಡಿತರು ಕೂಡ ಇದನ್ನೇ ಹೇಳುತ್ತಾರೆ. ಅವರ ಸಂಪ್ರದಾಯದ ಲೆಕ್ಕದಲ್ಲಿ ಧರ್ಮಶಾಸ್ತ್ರದಲ್ಲಿ 613 ಆಜ್ಞೆಗಳಿವೆ: ಮಾಡಬೇಕಾದವು 248, ಮಾಡಬಾರದವು 365. ಅವೆಲ್ಲ ಯೆಹೂದ್ಯರಿಗೆ. ಉಳಿದ ಲೋಕದವರಿಗೆ ನೋಹನ ಮಕ್ಕಳಿಗೆ ಸೇರಿದ ಏಳು ಆಜ್ಞೆಗಳು ಸಾಕು. ವಿಗ್ರಹಾರಾಧನೆ ಬೇಡ, ಕೊಲೆ ಬೇಡ, ಕಳ್ಳತನ ಬೇಡ, ನ್ಯಾಯಾಲಯಗಳಿರಲಿ, ಹೀಗೆ. ನೀವು ಒಬ್ಬ ರಬ್ಬಿಯ ಹತ್ತಿರ ಹೋಗಿ "ನಾನು ಕ್ರೈಸ್ತ, ಸಬ್ಬತ್ ಆಚರಿಸಬೇಕಾ" ಅಂತ ಕೇಳಿದರೆ ಅವರು ಬೇಡ ಅನ್ನುವ ಸಾಧ್ಯತೆಯೇ ಜಾಸ್ತಿ. ಧರ್ಮಶಾಸ್ತ್ರವನ್ನು ಎರಡು ಸಾವಿರ ವರ್ಷ ಎದೆಗವಚಿಕೊಂಡು ಬಂದವರೇ ನಮ್ಮ ಮೇಲೆ ಹೊರಿಸದ ಹೊರೆಯನ್ನು ನಮ್ಮ ಪೈಕಿಯವರೇ ಹೊರಿಸುತ್ತಿದ್ದಾರೆ!

ಪಸ್ಕ ಹಬ್ಬವನ್ನೇ ತೆಗೆದುಕೊಂಡು ಹತ್ತಿರದಿಂದ ನೋಡೋಣ. "ಇದು ದೇವರ ಹಬ್ಬ, ಮನುಷ್ಯರು ಮಾಡಿದ ಹಬ್ಬಗಳನ್ನು ಬಿಟ್ಟು ಇದನ್ನು ಮಾಡಿ" ಅನ್ನುವವರು ಹೆಚ್ಚುತ್ತಿದ್ದಾರೆ. ಸರಿ, ಮೋಶೆಯ ಪ್ರಕಾರವೇ ಮಾಡೋಣ. ವಿಮೋಚನಕಾಂಡ 12:48 ಏನು ಹೇಳುತ್ತದೆ? ಪರದೇಶದವನು ಪಸ್ಕ ಆಚರಿಸಬೇಕೆಂದರೆ ಅವನ ಮನೆಯ ಗಂಡಸರಿಗೆಲ್ಲ ಮೊದಲು ಸುನ್ನತಿಯಾಗಬೇಕು, ಸುನ್ನತಿಯಿಲ್ಲದವನು ಅದನ್ನು ತಿನ್ನಲೇಬಾರದು. ಧರ್ಮೋಪದೇಶಕಾಂಡ 16:5-6 ಏನು ಹೇಳುತ್ತದೆ? ಪಸ್ಕದ ಪಶುವನ್ನು ನಿಮ್ಮ ಯಾವುದೋ ಊರಲ್ಲಿ ವಧಿಸಕೂಡದು, ದೇವರು ಆರಿಸಿಕೊಂಡ ಸ್ಥಳದಲ್ಲೇ ಆಗಬೇಕು. ಆ ಸ್ಥಳ ಯೆರೂಸಲೇಮಿನ ದೇವಾಲಯವಾಯಿತು. ರೋಮನ್ನರು ಅದನ್ನು ಕ್ರಿ.ಶ. 70ರಲ್ಲಿ ಸುಟ್ಟು ಕೆಡವಿದರು, ಅಲ್ಲಿಗೆ ಯಜ್ಞವೇದಿಯೂ ಹೋಯಿತು. ಅಂದರೆ ಸುನ್ನತಿಯಿಲ್ಲದ ಒಬ್ಬ ವಿಶ್ವಾಸಿ ತನ್ನ ಮನೆಯಲ್ಲಿ ಕುರಿಮಾಂಸ ಬೇಯಿಸಿ "ಧರ್ಮಶಾಸ್ತ್ರದ ಪ್ರಕಾರ ಪಸ್ಕ ಮಾಡಿದೆ" ಅಂದರೆ ಅವನು ಆ ರಾತ್ರಿ ಧರ್ಮಶಾಸ್ತ್ರವನ್ನು ಕಡೇಪಕ್ಷ ಮೂರು ಕಡೆ ಮುರಿದಿರುತ್ತಾನೆ. ಮೂರನೆಯದು ಬೇಯಿಸಿದ್ದು. ಅದನ್ನು ಬೆಂಕಿಯಲ್ಲಿ ಸುಡಬೇಕು, ನೀರಿನಲ್ಲಿ ಬೇಯಿಸಬಾರದು ಅಂತ 12ನೇ ಅಧ್ಯಾಯದಲ್ಲೇ ಇದೆ.

ಯೆಹೂದ್ಯರಿಗೆ ಈ ಕಷ್ಟ ಗೊತ್ತಿಲ್ಲದ್ದೇನಲ್ಲ. ದೇವಾಲಯ ಹೋದ ಮೇಲೆ ಅವರ ಹಿರಿಯರು ಕುರಿಯ ಬಲಿಯಿಲ್ಲದೆ ಹುಳಿಯಿಲ್ಲದ ರೊಟ್ಟಿ, ಕಹಿ ಸೊಪ್ಪು, ದ್ರಾಕ್ಷಾರಸ, ಮಕ್ಕಳ ಪ್ರಶ್ನೆಗಳು ಇವುಗಳನ್ನಿಟ್ಟುಕೊಂಡು ಮನೆಯಲ್ಲೇ ಮಾಡುವ ಕ್ರಮವನ್ನು ಬೆಳೆಸಿದರು. ಅದು ಒಂದು ಸಮುದಾಯ ತನ್ನ ಗಾಯದ ಮೇಲೆ ಕಟ್ಟಿಕೊಂಡ ಬದುಕು. ಅದನ್ನು ಎತ್ತಿಕೊಂಡು ಬಂದು "ಮೋಶೆ ಹೇಳಿದ್ದು ಇದೇ" ಅನ್ನುವುದು ಮೋಶೆಗೂ ಅನ್ಯಾಯ, ಅವರಿಗೂ ಅನ್ಯಾಯ.

ಇದು ಪಸ್ಕ ಒಂದರ ಕಥೆಯಲ್ಲ. 613ರಲ್ಲಿ ದೊಡ್ಡ ಪಾಲು ದೇವಾಲಯ, ಯಾಜಕರು, ಬಲಿಗಳು ಮತ್ತು ಆ ದೇಶದ ಹೊಲಗದ್ದೆಗಳಿಗೆ ಸೇರಿದ್ದು. "ನಾವು ಧರ್ಮಶಾಸ್ತ್ರ ಪಾಲಿಸುತ್ತೇವೆ" ಅನ್ನುವವರು ಕೊನೆಗೆ ಪಾಲಿಸುವುದು ಶನಿವಾರ, ಊಟದ ನಿಯಮ, ಕೆಲವು ಹಬ್ಬ, ಇಷ್ಟೇ. ಹಾಗಾದರೆ ಸಬ್ಬತ್ತಿನಲ್ಲಿ ಮನೆಯಲ್ಲಿ ಬೆಂಕಿ ಹೊತ್ತಿಸಬಾರದು ಎಂಬ ವಿಮೋಚನಕಾಂಡ 35:3 ಎಲ್ಲಿ ಹೋಯಿತು? ಬಟ್ಟೆಯ ಮೂಲೆಗೆ ನೀಲಿ ದಾರದ ಗೊಂಡೆ? ಸಬ್ಬತ್ ದಿನ ಕಟ್ಟಿಗೆ ಆರಿಸಿದವನಿಗೆ ಅರಣ್ಯಕಾಂಡ 15ರಲ್ಲಿ ಆದ ಶಿಕ್ಷೆ? ಆ ಶಿಕ್ಷೆ ಬೇಕು ಅಂತ ಯಾರೂ ಹೇಳುವುದಿಲ್ಲ, ಪುಣ್ಯ. ಆದರೆ ಆರಿಸಿಕೊಳ್ಳುತ್ತಿದ್ದೇವೆ ಅನ್ನುವುದನ್ನಾದರೂ ಒಪ್ಪಿಕೊಳ್ಳಬೇಕಲ್ವಾ. ಪೌಲ ಗಲಾತ್ಯದವರಿಗೆ ಕೊಟ್ಟ ಎಚ್ಚರಿಕೆ ಇದೇ: ಸುನ್ನತಿ ಮಾಡಿಸಿಕೊಳ್ಳುವವನು ಇಡೀ ಧರ್ಮಶಾಸ್ತ್ರಕ್ಕೆ ಸಾಲಗಾರ. ಚಿಲ್ಲರೆಯಾಗಿ ಕೊಳ್ಳೋಕೆ ಬರುವುದಿಲ್ಲ.

ಇಲ್ಲಿ ಒಂದು ಎದುರುಮಾತು ಬರುತ್ತದೆ, ಬಲವಾದದ್ದೇ. "ಸ್ವದೇಶದವನಿಗೂ ಪರದೇಶದವನಿಗೂ ಒಂದೇ ಕಟ್ಟಳೆ ಅಂತ ಮೋಶೆಯೇ ಹೇಳಿದ್ದಾನಲ್ಲ?" ಹೇಳಿದ್ದಾನೆ. ಆದರೆ ಆ ಮಾತು ಬರುವುದು ವಿಮೋಚನಕಾಂಡ 12:49ರಲ್ಲಿ, ಅಂದರೆ ಸುನ್ನತಿಯ ಷರತ್ತು ಹಾಕಿದ ಮರುವಚನದಲ್ಲಿ. ಒಳಗೆ ಬಂದವನಿಗೆ ಒಂದೇ ಕಟ್ಟಳೆ ಅಂತ ಅದರ ಅರ್ಥ. ಹೊರಗಿರುವವನಿಗೆ ಬೇರೆ ನಿಯಮ ಇತ್ತು. ಧರ್ಮೋಪದೇಶಕಾಂಡ 14:21 ತೆಗೆದು ನೋಡಿ: ತಾನಾಗಿ ಸತ್ತ ಪ್ರಾಣಿಯ ಮಾಂಸವನ್ನು ಇಸ್ರಾಯೇಲ್ಯರು ತಿನ್ನಬಾರದು, ಊರಲ್ಲಿರುವ ಪರದೇಶದವನಿಗೆ ತಿನ್ನಲು ಕೊಡಬಹುದು, ಅನ್ಯದೇಶದವನಿಗೆ ಮಾರಲೂಬಹುದು. ಶುದ್ಧ ಅಶುದ್ಧ ಆಹಾರದ ಪಟ್ಟಿ ಇರುವ ಅದೇ ಅಧ್ಯಾಯದಲ್ಲೇ ಈ ಮಾತಿದೆ. ಆ ಪಟ್ಟಿ ಮನುಷ್ಯರೆಲ್ಲರ ಆರೋಗ್ಯಕ್ಕಾಗಿ ಕೊಟ್ಟದ್ದು ಅನ್ನುವವರು ಈ ವಚನಕ್ಕೆ ಏನು ಹೇಳುತ್ತಾರೋ!

ಈಗ ಅಪೊಸ್ತಲರ ಕೃತ್ಯಗಳು 15ಕ್ಕೆ ಬರೋಣ, ಯಾಕೆಂದರೆ ನಾವು ಇವತ್ತು ಕೇಳುತ್ತಿರುವ ಪ್ರಶ್ನೆ ಅಕ್ಷರಶಃ ಅಲ್ಲಿ ಕೇಳಲಾಗಿತ್ತು. ಯೂದಾಯದಿಂದ ಕೆಲವರು ಅಂತಿಯೋಕ್ಯಕ್ಕೆ ಬಂದು "ಮೋಶೆಯ ಕ್ರಮದಂತೆ ಸುನ್ನತಿಯಾಗದಿದ್ದರೆ ನಿಮಗೆ ರಕ್ಷಣೆಯಿಲ್ಲ" ಅಂತ ಬೋಧಿಸುತ್ತಾರೆ. ಪೌಲ ಮತ್ತು ಬಾರ್ನಬ ಜಗಳಕ್ಕೆ ನಿಲ್ಲುತ್ತಾರೆ. ಸುಮಾರು ಕ್ರಿ.ಶ. 49ರಲ್ಲಿ ಯೆರೂಸಲೇಮಿನಲ್ಲಿ ಸಭೆ ಸೇರುತ್ತದೆ. ಅಲ್ಲಿ ವಿಶ್ವಾಸಿಗಳಾಗಿದ್ದ ಫರಿಸಾಯರೂ (ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಯೆಹೂದ್ಯ ಪಂಗಡದವರು) ಇದ್ದರು, ಇದನ್ನು ಜಾಸ್ತಿ ಜನ ಗಮನಿಸುವುದಿಲ್ಲ. ಅವರು ಖಳನಾಯಕರೇನಲ್ಲ, ಯೇಸುವನ್ನು ನಂಬಿದವರೇ. ಅವರ ವಾದ: ಅನ್ಯಜನರಿಗೆ, ಅಂದರೆ ಯೆಹೂದ್ಯರಲ್ಲದವರಿಗೆ, ಸುನ್ನತಿ ಮಾಡಿಸಬೇಕು, ಧರ್ಮಶಾಸ್ತ್ರ ಪಾಲಿಸುವಂತೆ ಅಪ್ಪಣೆ ಕೊಡಬೇಕು.

ಪೇತ್ರ ಎದ್ದು ನಿಂತು ತನ್ನ ಅನುಭವವನ್ನು ನೆನಪಿಸುತ್ತಾನೆ. ಕೈಸರೈಯದಲ್ಲಿ ರೋಮನ್ ಶತಾಧಿಪತಿ ಕೊರ್ನೇಲ್ಯನ ಮನೆಯಲ್ಲಿ ಅವನು ಮಾತಾಡುತ್ತಿರುವಾಗಲೇ ಪವಿತ್ರಾತ್ಮ ಅವರ ಮೇಲೆ ಇಳಿಯಿತು. ಸುನ್ನತಿ ಆಗಿರಲಿಲ್ಲ, ದೀಕ್ಷಾಸ್ನಾನ ಕೂಡ ಆಗಿರಲಿಲ್ಲ. ದೇವರೇ ಭೇದ ಮಾಡದೆ ಒಪ್ಪಿಕೊಂಡ ಮೇಲೆ, ನಮ್ಮ ಪಿತೃಗಳೂ ನಾವೂ ಹೊರಲಾರದ ನೊಗವನ್ನು ಇವರ ಹೆಗಲಿಗೆ ಯಾಕೆ ಇಡುತ್ತೀರಿ ಅಂತ ಕೇಳುತ್ತಾನೆ. ಕೊನೆಗೆ ತೀರ್ಪು ಹೇಳುವವನು ಯೆರೂಸಲೇಮಿನ ಸಭೆಯ ಮುಖಂಡ ಯಾಕೋಬ. ನಾಲ್ಕೇ ಮಾತು: ವಿಗ್ರಹಕ್ಕೆ ಅರ್ಪಿಸಿದ್ದು ಬೇಡ, ಹಾದರ ಬೇಡ, ಕುತ್ತಿಗೆ ಹಿಸುಕಿ ಕೊಂದ ಪ್ರಾಣಿಯ ಮಾಂಸ ಬೇಡ, ರಕ್ತ ಬೇಡ.

ಈ ನಾಲ್ಕೇ ಯಾಕೆ? ಯಾಜಕಕಾಂಡ 17 ಮತ್ತು 18 ತೆರೆದು ಪಕ್ಕದಲ್ಲಿಟ್ಟು ಓದಿ. ಇಸ್ರಾಯೇಲ್ಯರ ಮಧ್ಯೆ ವಾಸಿಸುವ ಪರದೇಶದವರಿಗೂ ಅನ್ವಯಿಸುತ್ತದೆ ಅಂತ ಅಲ್ಲಿ ಹೆಸರೆತ್ತಿ ಹೇಳಿದ ಸಂಗತಿಗಳಿವೆ: ಬೇರೆ ಕಡೆ ಬಲಿ ಕೊಡಬಾರದು, ರಕ್ತ ತಿನ್ನಬಾರದು, ಬೇಟೆಯಾಡಿದ ಪ್ರಾಣಿಯ ರಕ್ತವನ್ನು ಸುರಿಸಿಬಿಡಬೇಕು, ಇಂಥಿಂಥ ಲೈಂಗಿಕ ಸಂಬಂಧ ಕೂಡದು. ಯಾಕೋಬನ ಪಟ್ಟಿ ಹೆಚ್ಚುಕಡಿಮೆ ಇದೇ. ಪಂಡಿತರಲ್ಲಿ ಎಲ್ಲರೂ ಇದನ್ನು ಒಪ್ಪುವುದಿಲ್ಲ, ಆದರೆ ನನಗೆ ಇದಕ್ಕಿಂತ ಚೆನ್ನಾಗಿ ಕೂರುವ ವಿವರಣೆ ಕಂಡಿಲ್ಲ. ಅನ್ಯಜನರು ಅನ್ಯಜನರಾಗಿಯೇ ದೇವಜನರ ನಡುವೆ ಬಾಳಬೇಕಾದರೆ ಏನು ಬೇಕು ಎಂಬ ಪ್ರಶ್ನೆಗೆ ಯಾಕೋಬ ಉತ್ತರ ಹುಡುಕಿದ್ದು ಧರ್ಮಶಾಸ್ತ್ರದ ಒಳಗೇ! ಅದನ್ನು ಅವನು ಕಸದ ಬುಟ್ಟಿಗೆ ಹಾಕಲಿಲ್ಲ. ಅದು ಯಾರಿಗೆ ಎಷ್ಟು ಕೇಳುತ್ತದೋ ಅಷ್ಟನ್ನೇ ಕೇಳಿದ.

ಅಪೊಸ್ತಲರ ಕೃತ್ಯಗಳು 15ರ 21ನೇ ವಚನವನ್ನು ಹಿಡಿದುಕೊಂಡು ಒಂದು ವಾದ ಮಾಡುತ್ತಾರೆ. ಪ್ರತಿ ಸಬ್ಬತ್ ದಿನ ಸಭಾಮಂದಿರಗಳಲ್ಲಿ ಮೋಶೆಯ ಗ್ರಂಥ ಓದಲಾಗುತ್ತದೆ ಅಂತ ಯಾಕೋಬ ಹೇಳಿದ, ಅಂದರೆ ಸದ್ಯಕ್ಕೆ ನಾಲ್ಕು ಸಾಕು, ಉಳಿದದ್ದನ್ನು ವಾರವಾರ ಕೇಳಿ ಕಲಿಯುತ್ತಾರೆ ಅಂತ. ಹಾಗಿದ್ದರೆ ಆ ಸಭೆ ಅಂತಿಯೋಕ್ಯಕ್ಕೆ ಕಳಿಸಿದ ಪತ್ರದಲ್ಲಿ ಅದನ್ನು ಬರೆಯಬೇಕಿತ್ತು. ಪತ್ರದಲ್ಲಿ ಇರುವುದು ಅಗತ್ಯವಾದ ಇವುಗಳಿಗಿಂತ ಹೆಚ್ಚಿನ ಭಾರ ಹಾಕುವುದಿಲ್ಲ ಅಂತ. ಅಂತಿಯೋಕ್ಯದವರು ಅದನ್ನು ಓದಿ ಸಂತೋಷಪಟ್ಟರಂತೆ. ಇನ್ನೂ 609 ಬಾಕಿ ಇವೆ ಅಂತ ಗೊತ್ತಿದ್ದವರು ಹಾಗೆ ಸಂತೋಷಪಡುತ್ತಿದ್ದರಾ? 21ನೇ ವಚನದ ಸರಳ ಅರ್ಥ ನನಗೆ ಕಾಣುವುದು ಹೀಗೆ: ಊರೂರಲ್ಲಿ ಮೋಶೆಯ ಮಾತು ಕೇಳಿ ಬೆಳೆದ ಯೆಹೂದ್ಯರಿದ್ದಾರೆ, ಅವರ ಜೊತೆ ಒಂದೇ ಪಂಕ್ತಿಯಲ್ಲಿ ಕೂತು ಊಟ ಮಾಡಬೇಕಾದರೆ ಇಷ್ಟಾದರೂ ಬೇಕು.

ಊಟದ ಪಂಕ್ತಿ ಅಂದೆನಲ್ಲ, ಇಡೀ ಜಗಳದ ಬೇರು ಅಲ್ಲಿದೆ. ಗಲಾತ್ಯ 2ರಲ್ಲಿ ಪೌಲ ಪೇತ್ರನನ್ನು ಎಲ್ಲರ ಮುಂದೆ ತರಾಟೆಗೆ ತೆಗೆದುಕೊಂಡದ್ದು ಪೇತ್ರ ಹಂದಿಮಾಂಸ ತಿಂದನೆಂದೂ ಅಲ್ಲ, ತಿನ್ನಲಿಲ್ಲವೆಂದೂ ಅಲ್ಲ. ಅನ್ಯಜನರ ಜೊತೆ ಕೂತು ಉಣ್ಣುತ್ತಿದ್ದವನು ಯಾಕೋಬನ ಕಡೆಯವರು ಬಂದ ಕೂಡಲೇ ಎದ್ದು ಬೇರೆ ಕೂತ. ಬಾಯಲ್ಲಿ ಏನೂ ಹೇಳಲಿಲ್ಲ, ಆದರೆ ಎದ್ದುಹೋದದ್ದೇ ಸಾಕಾಯಿತು: ನೀವು ನಮ್ಮ ಹಾಗೆ ಆಗುವ ತನಕ ಪೂರ್ತಿ ನಮ್ಮವರಲ್ಲ. ಪೌಲನಿಗೆ ಸಿಟ್ಟು ಬಂದದ್ದು ಅದಕ್ಕೆ.

ಅದೇ ಪೌಲ ಬೇರೆ ಕಡೆ ಏನು ಮಾಡಿದ ನೋಡಿ. ತಾಯಿ ಯೆಹೂದ್ಯಳಾಗಿದ್ದ ತಿಮೊಥೆಗೆ ಸುನ್ನತಿ ಮಾಡಿಸಿದ. ಗ್ರೀಕನಾದ ತೀತನಿಗೆ ಮಾಡಿಸಲು ಒಪ್ಪಲಿಲ್ಲ. ಅಪೊಸ್ತಲರ ಕೃತ್ಯಗಳು 21ರಲ್ಲಿ ಯೆರೂಸಲೇಮಿಗೆ ಬಂದಾಗ, ಸಾವಿರಾರು ಯೆಹೂದ್ಯ ವಿಶ್ವಾಸಿಗಳು ಧರ್ಮಶಾಸ್ತ್ರದಲ್ಲಿ ಅಭಿಮಾನವುಳ್ಳವರು, ನೀನು ಮೋಶೆಯನ್ನು ಬಿಟ್ಟುಬಿಡಿ ಅಂತ ಬೋಧಿಸುತ್ತೀಯ ಅಂತ ಅವರು ಕೇಳಿದ್ದಾರೆ ಅಂತ ಯಾಕೋಬ ಹೇಳುತ್ತಾನೆ. ಪೌಲ "ಹೌದು, ಬಿಡಲೇಬೇಕು" ಅನ್ನಲಿಲ್ಲ. ಹರಕೆ ಹೊತ್ತಿದ್ದ ನಾಲ್ವರ ಜೊತೆ ತಾನೂ ಶುದ್ಧಿ ಮಾಡಿಕೊಂಡು, ಅವರ ಖರ್ಚನ್ನೂ ವಹಿಸಿಕೊಂಡು, ದೇವಾಲಯಕ್ಕೆ ಹೋದ. ಹಾಗಾಗಿ "ಪೌಲ ಧರ್ಮಶಾಸ್ತ್ರದ ಶತ್ರು" ಅನ್ನುವುದು ಸುಳ್ಳು. ಯೆಹೂದ್ಯ ವಿಶ್ವಾಸಿ ಯೆಹೂದ್ಯನಾಗಿ ಬದುಕಲಿ, ಅನ್ಯಜನ ಅನ್ಯಜನನಾಗಿ ಬದುಕಲಿ, ಇಬ್ಬರೂ ಒಂದೇ ರೊಟ್ಟಿ ಮುರಿಯಲಿ. ಒಬ್ಬನ ಕ್ರಮ ಇನ್ನೊಬ್ಬನಿಗೆ ರಕ್ಷಣೆಯ ಷರತ್ತಾದಾಗ ಮಾತ್ರ ಪೌಲ ಕತ್ತಿ ಹಿಡಿಯುತ್ತಾನೆ.

ಎರಡನೇ ಶತಮಾನದ ಮಧ್ಯದಲ್ಲಿದ್ದ ಜಸ್ಟಿನ್ ಎಂಬ ಬರಹಗಾರ, ಆಮೇಲೆ ರೋಮಿನಲ್ಲಿ ರಕ್ತಸಾಕ್ಷಿಯಾದವನು, ಹೆಚ್ಚುಕಡಿಮೆ ಇದನ್ನೇ ಹೇಳಿದ. ಯೇಸುವನ್ನು ನಂಬಿ ಮೋಶೆಯ ಕ್ರಮವನ್ನೂ ಪಾಲಿಸುವ ಯೆಹೂದ್ಯನಿಗೆ ರಕ್ಷಣೆ ಇದೆಯಾ ಅಂತ ಕೇಳಿದಾಗ, ಇದೆ, ಆದರೆ ಬೇರೆಯವರನ್ನು ಬಲವಂತ ಮಾಡಬಾರದು ಅಂದ. ಇಂಥವರ ಜೊತೆ ಮಾತೂ ಬೇಡ, ಊಟವೂ ಬೇಡ ಅನ್ನುವ ಕ್ರೈಸ್ತರಿದ್ದಾರೆ, ನಾನು ಅವರನ್ನು ಒಪ್ಪುವುದಿಲ್ಲ ಅಂತಲೂ ಸೇರಿಸಿದ. ದುಃಖದ ವಿಷಯ ಏನೆಂದರೆ ಜಸ್ಟಿನ್ ಒಪ್ಪದ ಆ ಕ್ರೈಸ್ತರೇ ಗೆದ್ದರು. ನಾಲ್ಕನೇ ಶತಮಾನದಲ್ಲಿ ಲವೊದಿಕೀಯದಲ್ಲಿ ಸೇರಿದ ಬಿಷಪರ ಸಭೆ ಶನಿವಾರ ಕೆಲಸ ಬಿಟ್ಟು ಕೂರುವ ಕ್ರೈಸ್ತರನ್ನು ಶಪಿಸಿತು. ಅದೇ ಅಂತಿಯೋಕ್ಯದಲ್ಲಿ, 386-387ರಲ್ಲಿ, ಹೆಸರಾಂತ ಬೋಧಕ ಯೋವಾನ್ ಕ್ರಿಸೊಸ್ತೊಮ್ ಯೆಹೂದ್ಯರ ಹಬ್ಬಗಳಿಗೆ ಹೋಗುವ ಕ್ರೈಸ್ತರ ವಿರುದ್ಧ ಸಾಲುಸಾಲು ಪ್ರಸಂಗ ಮಾಡಿದ, ಅದರಲ್ಲಿ ಯೆಹೂದ್ಯರ ಬಗ್ಗೆ ಆಡಿದ ಮಾತುಗಳನ್ನು ಇವತ್ತು ಓದಿದರೆ ಮೈ ಉರಿಯುತ್ತದೆ. "ಧರ್ಮಶಾಸ್ತ್ರ ಸತ್ತುಹೋಯ್ತು" ಅಂತ ಲಘುವಾಗಿ ಹೇಳುವವರಿಗೆ ಆ ಮಾತಿನ ಹಿಂದೆ ಇಂಥದ್ದೊಂದು ಇತಿಹಾಸ ಇದೆ ಅಂತ ಗೊತ್ತಿರಬೇಕು.

ಇತಿಹಾಸದ ಮಾತು ಬಂದಾಗ ಇನ್ನೊಂದನ್ನೂ ಹೇಳಿಬಿಡುತ್ತೇನೆ. ಸಬ್ಬತ್ತನ್ನು ಭಾನುವಾರಕ್ಕೆ ಬದಲಾಯಿಸಿದ್ದು ಕಾನ್ಸ್ಟಂಟೈನ್ ಚಕ್ರವರ್ತಿ ಎಂಬ ಕಥೆ ಸುಮ್ನೆ ಓಡುತ್ತಲೇ ಇರುತ್ತದೆ. ಅವನು 321ರಲ್ಲಿ ಮಾಡಿದ್ದು ಭಾನುವಾರ ನ್ಯಾಯಾಲಯಕ್ಕೂ ಪಟ್ಟಣದವರ ಕೆಲಸಕ್ಕೂ ರಜೆ ಎಂಬ ಕಾನೂನು. ರೈತರಿಗೆ ಆ ರಜೆಯೂ ಇರಲಿಲ್ಲ. ಕ್ರೈಸ್ತರು ಭಾನುವಾರ ಸೇರಿ, ಅಪೊಸ್ತಲರ ಮತ್ತು ಪ್ರವಾದಿಗಳ ಬರಹ ಓದಿ, ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುತ್ತಿದ್ದುದನ್ನು ಈ ಜಸ್ಟಿನನೇ ಅದಕ್ಕಿಂತ ಒಂದೂವರೆ ಶತಮಾನಕ್ಕೂ ಮೊದಲೇ ವಿವರಿಸಿದ್ದಾನೆ. ಹಾಗಂತ ಭಾನುವಾರವೇ ಸಬ್ಬತ್ ಅನ್ನುವುದೂ ನನಗೆ ಒಪ್ಪಿಗೆಯಿಲ್ಲ. ಅದು ಪುನರುತ್ಥಾನದ ದಿನ, ಅಷ್ಟೇ. ಹೊಸ ಒಡಂಬಡಿಕೆಯಲ್ಲಿ ಯಾರೂ ಅದಕ್ಕೆ ಸಬ್ಬತ್ತಿನ ನಿಯಮಗಳನ್ನು ಅಂಟಿಸಿಲ್ಲ.

ಶನಿವಾರ ಆಚರಿಸುವವರೆಲ್ಲ ತಪ್ಪು ಅಂತಲೂ ನಾನು ಹೇಳುತ್ತಿಲ್ಲ. ಇಥಿಯೋಪಿಯದ ಪ್ರಾಚೀನ ಸಭೆ ಶನಿವಾರವನ್ನೂ ಗೌರವಿಸುತ್ತದೆ, ಗಂಡುಮಕ್ಕಳಿಗೆ ಸುನ್ನತಿ ಮಾಡಿಸುತ್ತದೆ, ಹಂದಿ ತಿನ್ನುವುದಿಲ್ಲ. ಯೂರೋಪಿನಿಂದ ಬಂದ ಪಾದ್ರಿಗಳು ನೀವು ಯೆಹೂದ್ಯರಾಗಿಬಿಟ್ಟಿದ್ದೀರಿ ಅಂತ ಆರೋಪಿಸಿದಾಗ ಅಲ್ಲಿನ ರಾಜ ಗಲಾವ್ದೇವೊಸ್ 1555ರಲ್ಲಿ ಬರೆದ ಉತ್ತರ ಸೊಗಸಾಗಿದೆ. ಸುನ್ನತಿ ನಮಗೆ ದೇಶದ ಪದ್ಧತಿ, ಮೋಶೆಯ ನಿಯಮಕ್ಕಾಗಿ ಮಾಡುವುದಲ್ಲ, ಕೆಲವು ಕಡೆ ಮುಖದ ಮೇಲೆ ಗೀರು ಹಾಕಿಕೊಳ್ಳುವ ಹಾಗೆ, ಇಂಡಿಯಾದವರು ಕಿವಿ ಚುಚ್ಚಿಸಿಕೊಳ್ಳುವ ಹಾಗೆ ಅಂದ. ಇಂಥ ಆಚರಣೆಗೆ ಪೌಲನ ತಕರಾರು ಇರುತ್ತಿರಲಿಲ್ಲ. ರೋಮಾಪುರದವರಿಗೆ ಬರೆದ ಪತ್ರದ 14ನೇ ಅಧ್ಯಾಯ ಇರುವುದೇ ಇದಕ್ಕೆ: ಒಬ್ಬ ಒಂದು ದಿನವನ್ನು ವಿಶೇಷವೆಂದು ಎಣಿಸುತ್ತಾನೆ, ಇನ್ನೊಬ್ಬ ಎಲ್ಲ ದಿನಗಳನ್ನೂ ಸಮವಾಗಿ ಎಣಿಸುತ್ತಾನೆ, ಪ್ರತಿಯೊಬ್ಬನೂ ತನ್ನ ಮನಸ್ಸಿನಲ್ಲಿ ನಿಶ್ಚಯಿಸಿಕೊಳ್ಳಲಿ, ತೀರ್ಪು ಮಾಡಬೇಡಿ.

ಇನ್ನು ಮತ್ತಾಯ 5:17-18. ಇದು ಇಲ್ಲಿರುವ ವಚನಗಳಲ್ಲೇ ಕಷ್ಟದ್ದು. ಧರ್ಮಶಾಸ್ತ್ರವನ್ನು ತೆಗೆದುಹಾಕೋಕೆ ಬಂದಿಲ್ಲ, ನೆರವೇರಿಸೋಕೆ ಬಂದಿದ್ದೇನೆ, ಒಂದು ಸೊನ್ನೆಯೂ ಒಂದು ಗುಡುಸೂ ಅಳಿದುಹೋಗುವುದಿಲ್ಲ. ಇದನ್ನು ಬೇಗಬೇಗ ದಾಟಿಹೋಗುವ ಪ್ರಸಂಗಗಳನ್ನು ಕೇಳಿದರೆ ನನಗೆ ಕಿರಿಕಿರಿ. ಯೇಸು ದೇವಾಲಯ ನಿಂತಿದ್ದ ಕಾಲದಲ್ಲಿ, ಧರ್ಮಶಾಸ್ತ್ರದ ಕೆಳಗೆ ಹುಟ್ಟಿದ ಯೆಹೂದ್ಯರ ಮುಂದೆ, ಯೆಹೂದ್ಯನಾಗಿ ಈ ಮಾತು ಹೇಳಿದ, ಮತ್ತು ಅದನ್ನೇ ಬದುಕಿದ. ಮಾತು ಗಟ್ಟಿಯಾಗಿಯೇ ಇದೆ. ಆದರೆ ನೆರವೇರಿಕೆ ಆದ ಮೇಲೆ ಏನೂ ಬದಲಾಗುವುದಿಲ್ಲ ಅನ್ನುವವರಿಗೆ ನನ್ನದೊಂದು ಪ್ರಶ್ನೆ. ನೀವು ಪಾಪಪರಿಹಾರಕ್ಕೆ ಹೋತ ಕೊಡುತ್ತೀರಾ? ಇಲ್ಲ, ಯೇಸುವೇ ಆ ಬಲಿ ಅನ್ನುತ್ತೀರಿ. ಸರಿ. ಅಂದರೆ ನೆರವೇರಿಕೆಯಿಂದ ಪಾಲಿಸುವ ರೀತಿಯೇ ಬದಲಾಗುತ್ತದೆ ಅಂತ ನೀವೂ ಒಪ್ಪಿದ ಹಾಗಾಯಿತು. ಇನ್ನು ಉಳಿದದ್ದು ಎಷ್ಟು ಬದಲಾಗುತ್ತದೆ ಎಂಬ ಚರ್ಚೆ ಮಾತ್ರ.

ಹಾಗಾದರೆ ಏನು ಬೇಕಾದರೂ ಮಾಡಬಹುದಾ? ಇದು ಪೌಲನ ಕಾಲದಿಂದ ಕೇಳುತ್ತಿರುವ ಪ್ರಶ್ನೆ. ತಾನು ದೇವರ ನಿಯಮವಿಲ್ಲದವನಲ್ಲ, ಕ್ರಿಸ್ತನ ನಿಯಮಕ್ಕೆ ಒಳಗಾದವನು ಅಂತ ಅವನು ಹೇಳುತ್ತಾನೆ. ಸಿಟ್ಟು ಮಾಡಿಕೊಂಡರೂ ನ್ಯಾಯತೀರ್ಪಿಗೆ ಗುರಿ, ಕೆಟ್ಟ ಕಣ್ಣಿಂದ ನೋಡಿದರೂ ವ್ಯಭಿಚಾರ ಅನ್ನುವ ಬೆಟ್ಟದ ಪ್ರಸಂಗ ಯಾವ ಕೋನದಿಂದ ನೋಡಿದರೂ ರಿಯಾಯಿತಿ ಅಲ್ಲ.

ಧರ್ಮಶಾಸ್ತ್ರವನ್ನು ನೀತಿಯ ನಿಯಮ, ಆಚರಣೆಯ ನಿಯಮ, ರಾಜ್ಯದ ನಿಯಮ ಅಂತ ಮೂರು ಮಾಡಿ, ಮೊದಲನೆಯದನ್ನು ಇಟ್ಟುಕೊಂಡು ಉಳಿದೆರಡನ್ನು ಬಿಡುವ ಪದ್ಧತಿ ಇದೆ. ಥಾಮಸ್ ಅಕ್ವಿನಾಸ್ 13ನೇ ಶತಮಾನದಲ್ಲಿ ಹೀಗೆ ವಿಂಗಡಿಸಿದ, ಪ್ರೊಟೆಸ್ಟೆಂಟರೂ ಅದನ್ನೇ ಮುಂದುವರಿಸಿದರು. ಕಲಿಸೋಕೆ ಅನುಕೂಲ, ಒಪ್ಪುತ್ತೇನೆ. ಆದರೆ ಯಾಜಕಕಾಂಡ 19ನ್ನು ಈ ಮೂರು ಡಬ್ಬಿಗೆ ತುಂಬೋಕೆ ಪ್ರಯತ್ನಿಸಿ ನೋಡಿ. ನಿನ್ನ ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಅನ್ನುವುದು 18ನೇ ವಚನ. ಎರಡು ಬಗೆಯ ನೂಲಿನ ಬಟ್ಟೆ ಹಾಕಬೇಡ ಅನ್ನುವುದು 19ನೇ ವಚನ. ಮಧ್ಯೆ ಗೆರೆಯೇನೂ ಇಲ್ಲ. 28ರಲ್ಲಿ ಮೈಮೇಲೆ ಹಚ್ಚೆ ಬೇಡ ಅಂತಿದೆ. ಅದನ್ನು ಹುಡುಗರಿಗೆ ಓದಿ ಹೇಳುವ ದೊಡ್ಡವರಲ್ಲಿ ಎಷ್ಟು ಜನ ಗಡ್ಡದ ಅಂಚನ್ನು ಕತ್ತರಿಸಬಾರದು ಎನ್ನುವ 27ನ್ನು ಬೆಳಿಗ್ಗೆ ಕನ್ನಡಿ ಮುಂದೆ ನೆನೆಸಿಕೊಳ್ಳುತ್ತಾರೆ?

ನನಗೆ ಹಿಡಿಸುವುದು ಪೌಲ ಸ್ವತಃ ಓದಿದ ರೀತಿ. ಕಣತುಳಿಯುವ ಎತ್ತಿನ ಬಾಯಿ ಕಟ್ಟಬಾರದು ಅಂತ ಧರ್ಮೋಪದೇಶಕಾಂಡ 25:4 ಹೇಳುತ್ತದೆ. ಕೊರಿಂಥದವರಿಗೆ ಬರೆಯುವಾಗ ಅವನು ಇದನ್ನು ಎತ್ತಿಕೊಂಡು, ದುಡಿಯುವವನಿಗೆ ದುಡಿಮೆಯ ಫಲದಲ್ಲಿ ಪಾಲಿರಬೇಕು ಅಂತ ವಾದಿಸುತ್ತಾನೆ. ಕೊರಿಂಥ ಬಂದರು ಪಟ್ಟಣ, ಅಲ್ಲಿನವರಿಗೆ ಎತ್ತು ಸಾಕಿ ಅಂತ ಅವನು ಹೇಳಲಿಲ್ಲ. ಈ ವಚನ ಹಳೆಯದಾಯ್ತು ಅಂತಲೂ ಹೇಳಲಿಲ್ಲ. ಇದನ್ನು ಕೊಟ್ಟ ದೇವರಿಗೆ ಏನು ಮುಖ್ಯವಾಗಿತ್ತು ಅಂತ ನೋಡಿದ. ಧರ್ಮೋಪದೇಶಕಾಂಡ 22:8ರಲ್ಲಿ ಹೊಸ ಮನೆ ಕಟ್ಟುವವನು ಮಾಳಿಗೆಗೆ ಸುತ್ತುಗೋಡೆ ಹಾಕಬೇಕು, ಯಾರಾದರೂ ಬಿದ್ದು ಸತ್ತರೆ ಆ ರಕ್ತದ ಹೊಣೆ ಅವನದು ಅಂತಿದೆ. ಈ ರೀತಿ ಓದಿದರೆ ಅದು ಮಾಳಿಗೆಗಷ್ಟೇ ನಿಲ್ಲುವುದಿಲ್ಲ. ನಾನು ಕಟ್ಟಿದ್ದರಿಂದ, ನಾನು ಮಾರಿದ್ದರಿಂದ, ನಾನು ಓಡಿಸುವ ಗಾಡಿಯಿಂದ ಇನ್ನೊಬ್ಬನಿಗೆ ಅಪಾಯವಾದರೆ ದೇವರ ಮುಂದೆ ಹೊಣೆ ಯಾರು ಅನ್ನುವ ತನಕ ಹೋಗುತ್ತದೆ.

ಕೊನೆಗೆ "ನಾವು ಧರ್ಮಶಾಸ್ತ್ರದ ಕೆಳಗಿಲ್ಲ, ಕೃಪೆಯ ಕೆಳಗಿದ್ದೇವೆ" ಅನ್ನುವ ಕಡೆಯವರಿಗೂ ಎರಡು ಮಾತು, ಯಾಕೆಂದರೆ ಆರಿಸಿಕೊಳ್ಳುವ ಕೆಲಸದಲ್ಲಿ ಅವರೇನೂ ಹಿಂದೆ ಬಿದ್ದಿಲ್ಲ. ಹಂದಿಮಾಂಸದ ವಿಷಯಕ್ಕೆ ಕೃಪೆ, ಸಬ್ಬತ್ತಿನ ವಿಷಯಕ್ಕೆ ಕೃಪೆ, ದಶಮಾಂಶದ (ಸಂಪಾದನೆಯ ಹತ್ತನೇ ಒಂದು ಪಾಲನ್ನು ಸಭೆಗೆ ಕೊಡುವ) ವಿಷಯ ಬಂದ ಕೂಡಲೇ ಮಲಾಕಿಯ 3:10. ದೇವರಿಂದ ಕದಿಯಬೇಡಿ ಅಂತ ಗುಡುಗು. ಸ್ವಾಮಿ, ದಶಮಾಂಶವೂ ಧರ್ಮಶಾಸ್ತ್ರದ್ದೇ ತಾನೇ? ಅಲ್ಲಿ ಅದು ಹೊಲದ ಬೆಳೆಗೂ ದನಕುರಿಗಳಿಗೂ ಹಾಕಿದ ಪಾಲು, ಕೂಲಿಯ ಹಣಕ್ಕೆ ಹಾಕಿದ್ದಲ್ಲ. ಅದು ದೇವರ ಸೇವೆಗೆ ನೇಮಕವಾದ, ಹೊಲವಿಲ್ಲದ ಲೇವಿ ಕುಲದವರಿಗೆ ಹೋಗಬೇಕು, ಲೇವಿಯರು ತಮಗೆ ಬಂದದ್ದರಲ್ಲಿ ಹತ್ತನೇ ಒಂದು ಪಾಲನ್ನು ಯಾಜಕನಿಗೆ ಕೊಡಬೇಕು. ಅಬ್ರಹಾಮ ಧರ್ಮಶಾಸ್ತ್ರಕ್ಕಿಂತ ಮೊದಲೇ ಯಾಜಕನಾದ ಮೆಲ್ಕಿಜೆದೇಕನಿಗೆ ಕೊಟ್ಟನಲ್ಲ ಅನ್ನುತ್ತಾರೆ. ಕೊಟ್ಟ, ಯುದ್ಧದ ಕೊಳ್ಳೆಯಲ್ಲಿ. ಅಬ್ರಹಾಮ ಧರ್ಮಶಾಸ್ತ್ರಕ್ಕಿಂತ ಮೊದಲೇ ಸುನ್ನತಿಯನ್ನೂ ಮಾಡಿಸಿಕೊಂಡ, ಆ ವಾದವನ್ನು ಮಾತ್ರ ಯಾವ ಪಾಸ್ಟರೂ ಎತ್ತುವುದಿಲ್ಲ.

ಸಭೆಗೆ ಕೊಡಬೇಡಿ ಅಂತ ಹೇಳುತ್ತಿಲ್ಲ, ಧಾರಾಳವಾಗಿ ಕೊಡಿ. 2 ಕೊರಿಂಥ 9:7 ಇದೆ, ಪ್ರತಿಯೊಬ್ಬನು ತನ್ನ ಹೃದಯದಲ್ಲಿ ನಿರ್ಣಯಿಸಿಕೊಂಡಷ್ಟು, ಬೇಸರದಿಂದಲ್ಲ, ಬಲವಂತದಿಂದಲ್ಲ. ಇಲ್ಲ, ಧರ್ಮಶಾಸ್ತ್ರದ ದಶಮಾಂಶವೇ ಬೇಕು ಅನ್ನುವವರು ಧರ್ಮೋಪದೇಶಕಾಂಡ 14ನ್ನೂ ಪ್ರಸಂಗಪೀಠದಿಂದ ಪೂರ್ತಿ ಓದಲಿ. ದಾರಿ ದೂರವಾದರೆ ಆ ಹತ್ತನೇ ಪಾಲನ್ನು ಮಾರಿ ಹಣ ಮಾಡಿಕೊಂಡು ಹೋಗಿ, ಅಲ್ಲಿ ಎತ್ತು, ಕುರಿ, ದ್ರಾಕ್ಷಾರಸ, ಮದ್ಯ, ನಿಮ್ಮ ಮನಸ್ಸಿಗೆ ಏನು ಬೇಕೋ ಅದನ್ನು ಕೊಂಡು ಮನೆಯವರೆಲ್ಲ ದೇವರ ಮುಂದೆ ಊಟ ಮಾಡಿ ಸಂತೋಷಪಡಿ ಅಂತ ಅಲ್ಲಿದೆ. ಮೂರನೇ ವರ್ಷ ಬಂದಾಗ ಆ ಪಾಲನ್ನೆಲ್ಲ ಊರಲ್ಲೇ ಇಟ್ಟು, ಲೇವಿಯರ ಜೊತೆಗೆ ಪರದೇಶದವರಿಗೂ ತಾಯಿತಂದೆ ಇಲ್ಲದ ಮಕ್ಕಳಿಗೂ ವಿಧವೆಯರಿಗೂ ಹೊಟ್ಟೆತುಂಬ ತಿನ್ನಲು ಬಿಡಬೇಕು ಅಂತಲೂ ಅಲ್ಲೇ ಇದೆ.